ಆರನೇ ಟ್ರ್ಯಾಕು

ಹೊರಗೆ ಕಾರಿನ ಬಾಗಿಲು ದಢಾರನೆ ಬಡಿಯಿತು, ನಮ್ಮ ಹಾಡುಗಾರ್ತಿ ಓಜೆಲ್ಲಕ್ಕನೇ ಇರಬೇಕು, ಅಲ್ಲ, ಕರಿದ ಮೀನು ತರಲು ಹೋಗಿದ್ದ ಡ್ರಮ್ಮರ್ ರೂಫಸ್ — ಜಿಡ್ಡು ಪೊಟ್ಟಣ, ಖಾರದ ಸಾಸಿನ ವಾಸನೆ, ಬೇರೆ ದಿನವಾದರೆ ಬಾಯಲ್ಲಿ ನೀರೂರುತ್ತಿತ್ತು, ಇವತ್ತು ಪೊಟ್ಟಣವನ್ನು ಬದಿಗೆ ಸರಿಸಿದೆ. ತಿನ್ನೋ ಕ್ಲೀಟಸ್, ಹೆಣ ಕಾಯೋನ ಥರ ಯಾಕ್ ಕೂತಿದೀಯ, ಇವತ್ತು ನಮ್ ಆಲ್ಬಮ್ಮಿನ ಹಬ್ಬ ಕಣೋ. ಹಬ್ಬವಂತೆ, ಹಬ್ಬ. ಎಪ್ಪತ್ತನಾಲ್ಕರ ಇಡೀ ಬೇಸಿಗೆ ಡೇಟನ್ ಊರಿನ ಈ ಹಳೇ ಲಾಂಡ್ರಿ ಕಟ್ಟಡದ ಸ್ಟುಡಿಯೋದಲ್ಲಿ ಬೆವರು ಸುರಿಸಿ ಒಂಬತ್ತು ಹಾಡು ಟೇಪಿಗಿಳಿಸಿದವನು ನಾನು, ಒಂಬತ್ತನೆಯದರಲ್ಲಿ ಕೊನೆಯ ಸಾಲು ಇಲ್ಲ ಅನ್ನುವುದು ಗೊತ್ತಿರುವುದೂ ನನಗೊಬ್ಬನಿಗೇ. ನಾಲ್ಕೇ ಸೆಕೆಂಡು. ಟೇಪಿನಲ್ಲಿ ಒಂದೊಂದು ವಾದ್ಯಕ್ಕೂ ದನಿಗೂ ಒಂದೊಂದು ಟ್ರ್ಯಾಕು, ಉಳಿದ ಎಂಟು ಹಾಡಿನಲ್ಲೂ ಜಣಜಣ ಅನ್ನುವ ಟ್ಯಾಂಬೊರಿನ್ ಆರನೇ ಟ್ರ್ಯಾಕಿನಲ್ಲಿ, ಒಂಬತ್ತನೆಯದರಲ್ಲಿ ಮಾತ್ರ ಆರರಲ್ಲಿ ಓಜೆಲ್ಲಕ್ಕನ ದನಿ, ನಾನೇ ಬದಲಾಯಿಸಿದ್ದು, ಟೇಪಿನ ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೂ ನಾನೇ, ಆದರೂ ಮೊನ್ನೆ ಟ್ಯಾಂಬೊರಿನ್ ಮತ್ತೆ ಬಾರಿಸಿ ತಿದ್ದಲು ಕೂತಾಗ ಹಾಳಾದ ಕೈ ಅಭ್ಯಾಸಬಲದಿಂದ ಆರರ ಗುಂಡಿಯನ್ನೇ ಒತ್ತಿತು, ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು, ಅಯ್ಯೋ ದೇವರೇ ಅನ್ನುವಷ್ಟರಲ್ಲಿ ಅವಳ ದನಿಯಿದ್ದ ಜಾಗದಲ್ಲಿ ಜಣಜಣ. ಅವಳು ಮುಂಚೆ ಹಾಡಿದ್ದ ಟೇಕುಗಳೂ ಇಲ್ಲ, ಆ ಟೇಪುಗಳ ಮೇಲೆ ಬೇರೆ ಹಾಡು ಕೂತಿದೆ. ಮತ್ತೆ ಹಾಡಿಸೋಣವೆಂದರೆ — ಹಾಡುವವಳೆಲ್ಲಿ, ಹೋದ ತಿಂಗಳು ಡಾಕ್ಟರು ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೇ ಕತ್ತರಿಸಿ ತೆಗೆದರು, ಈಗ ಕೊರಳಿಗೆ ಸ್ಕಾರ್ಫು, ಮಡಿಲಲ್ಲಿ ಸ್ಲೇಟು. ರೆಕಾರ್ಡಿಂಗಿನ ದಿನ ತಲೆ ಹಿಂದಕ್ಕೆ ಚೆಲ್ಲಿ ಆ ಕೊನೆಯ ಸಾಲನ್ನು ಎಳೆದಳಲ್ಲ, ಬಾಯಿ ಅಗಲವಾಗಿ ತೆರೆದು, ಮೇಲಿನ ಬಂಗಾರದ ಹಲ್ಲು ಫಳ್ಳೆಂದು, ನಾನು ಮೀಟರ್ ನೋಡುವುದು ಬಿಟ್ಟು ಹಲ್ಲನ್ನೇ ನೋಡುತ್ತಿದ್ದೆ. ಟೇಪಲ್ಲಿ ಹಿಡಿದ್ಯೇನಪ್ಪಾ ಕ್ಲೀಟಸ್? ಹಿಡಿದೆ ಅಕ್ಕ. ಜೋಪಾನ ಕಣೋ, ಇನ್ನೊಂದ್ಸಲ ಬರಲ್ಲ ಇದು. ತಮಾಷೆಗೆ ಅಂದಳೆಂದು ನಕ್ಕಿದ್ದೆ, ಗಡ್ಡೆಯ ವಿಷಯ ಅವಳಿಗಾಗಲೇ ಗೊತ್ತಿತ್ತು.

ಬಂದಳು, ಎಷ್ಟು ಸೊರಗಿದ್ದಾಳೆ, ಭಾನುವಾರ ಚರ್ಚಿಗೆ ಹಾಕುವ ಹಳದಿ ಹ್ಯಾಟು, ತೋಳು ಹಿಡಿದು ನಡೆಸುತ್ತಿರುವವನು ಗಂಡ ಏಮಸ್, ನಮ್ಮ ಬೇಸ್ ಗಿಟಾರಿನವನು. ಸ್ಲೇಟಿನ ಮೇಲೆ ಬರೆದು ನನ್ನತ್ತ ತಿರುಗಿಸಿದಳು: ಒಂಬತ್ತನೇದು ಮೊದಲು ಹಾಕು. ಮೊದಲೇ ಅದಾ, ಅಕ್ಕ? ಡಬ್ಬಿ ತೆಗೆದು ಟೇಪನ್ನು ಯಂತ್ರಕ್ಕೆ ಏರಿಸಿದೆ. ಟೇಪು ಕೇಳುವ ಮುಂಚೆ ಕೈ ಕೈ ಹಿಡಿದು ನಿಲ್ಲುವುದು ಈ ಬ್ಯಾಂಡಿನ ಪದ್ಧತಿ, ಅವಳ ಬೆರಳುಗಳು ನನ್ನ ಒದ್ದೆ ಅಂಗೈಯಲ್ಲಿ, ಏಮಸ್ ಎಂದಿನಂತೆ ಕೇಳುತ್ತಾನೆ, ಯಾರ ಮನಸ್ಸಲ್ಲಾದ್ರೂ ಭಾರ ಇದ್ರೆ ಈಗ್ಲೇ ಇಳಿಸ್ಬಿಡಿ ಮಕ್ಳಾ — ಹೇಳು, ಹೇಳೋ ಹೇಡಿ, ಒಂದೇ ಮಾತು — ಆಮೆನ್ ಅಂದರು, ನಾನೂ ಅಂದೆ. ಗುಂಡಿ ಒತ್ತಿದೆ. ಡ್ರಮ್ಮು, ಬೇಸು, ಕಹಳೆಗಳು, ಆಮೇಲೆ ಅವಳು. ಏಮಸ್ ಅಳುತ್ತಿದ್ದಾನೆ. ಅವಳೋ ಕಣ್ಣು ಮುಚ್ಚಿ ಟೇಪಿನ ಜೊತೆ ತುಟಿಯಾಡಿಸುತ್ತಿದ್ದಾಳೆ, ಒಂದಕ್ಷರ ತಪ್ಪದೆ, ಹಾಡು ಸ್ಪೀಕರಿನಿಂದಲ್ಲ ಅವಳ ಬಾಯಿಂದಲೇ ಬರುತ್ತಿದೆ ಅನ್ನುವ ಹಾಗೆ, ರೂಫಸ್ ಕೂಗುತ್ತಾನೆ, ಹಾಡಕ್ಕಾ, ಹಾಡು! — ನಿಲ್ಲಿಸಿಬಿಡಲೇ, ಯಂತ್ರ ಕೆಟ್ಟಿತು ಅನ್ನಲೇ, ಇನ್ನೆರಡು ಸಾಲು, ಇನ್ನೊಂದು, ತಲೆ ಹಿಂದಕ್ಕೆ ಚೆಲ್ಲುತ್ತಿದ್ದಾಳೆ, ಬೇಡ ಅಕ್ಕ, ಬೇಡ, ಬಾಯಿ ಅಗಲವಾಗಿ ತೆರೆದಿದೆ, ಬಂಗಾರದ ಹಲ್ಲು ಫಳ್ಳೆಂದಿತು, ಜಣಜಣ, ತೆರೆದ ಬಾಯಿ ತೆರೆದೇ ಇದೆ, ಜಣಜಣ, ಅವಳು ಕಣ್ಣು ಬಿಟ್ಟಳು, ನನ್ನನ್ನೇ ನೋಡುತ್ತಿದ್ದಾಳೆ, ಬಂಗಾರದ ಹಲ್ಲು, ಆ ಬಂಗಾರದ ಹಲ್ಲು