ಕೆಂಪಿ ಬೆಟ್ಟ ಹತ್ತಿದ ಬಗೆ

ಎಂಜಿನ್ನಿಗೆ ವಯಸ್ಸಾಯಿತು ಎಂದು ಯಾರಾದರೂ ಅಂದರೆ ಹಲ್ಲಿನ ಡಾಕ್ಟರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಂದವರು ಕಾರಿನ ಬಗ್ಗೆಯೇ ಅಂದಿರಬಹುದು, ಅವಳಿಗೆ ಮಾತ್ರ ಅದು ತನಗೇ ಅಂದ ಹಾಗೆ ಕೇಳಿಸುತ್ತಿತ್ತು. ಐವತ್ತು ದಾಟಿದ ಹೆಂಗಸು ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರಿನಲ್ಲಿ ಕ್ಲಿನಿಕ್ಕಿಗೆ ಬಂದಿಳಿದರೆ ಲೋಕ ಬಾಯಿ ಮುಚ್ಚಿಕೊಂಡಿರುತ್ತದೆಯೇ? ಬಾಯಿ ತೆರೆದವರನ್ನೇ ನೋಡಿ ಬದುಕುವ ಕಸುಬು ಅವಳದು. ಅದಕ್ಕೆಲ್ಲ ಅವಳು ಸೊಪ್ಪು ಹಾಕಿದವಳಲ್ಲ.

ಕಾರಿಗೆ ಅವಳಿಟ್ಟ ಹೆಸರು ಕೆಂಪಿ. ಮೊದಲ ದುಡಿಮೆಯಲ್ಲಿ ಕೊಂಡದ್ದು, ಗಂಡ ಬಂದದ್ದು ಆಮೇಲೆ. ಜಗಳವಾದಾಗಲೆಲ್ಲ ಈ ಹಿರಿತನವನ್ನು ಗಂಡನಿಗೆ ನೆನಪಿಸಲು ಅವಳು ಮರೆಯುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಊರಾಚೆಯ ಬೆಟ್ಟದ ರಸ್ತೆಯನ್ನು ಮುಚ್ಚಿಸಿ ಕಾರ್ ಕ್ಲಬ್ಬಿನವರು ಸ್ಪರ್ಧೆ ನಡೆಸುತ್ತಿದ್ದರು. ಒಂದೊಂದೇ ಕಾರು ತಪ್ಪಲಿನಿಂದ ಹೊರಟು ತುದಿ ಮುಟ್ಟಬೇಕು, ಅಷ್ಟೇ ಆಟ. ಕೆಂಪಿ ಒಂದು ಕಾಲದಲ್ಲಿ ಮೂರು ನಿಮಿಷದೊಳಗೆ ಸಲೀಸಾಗಿ ಹತ್ತುತ್ತಿದ್ದವಳು. ಈಚಿನ ಮೂರು ವರ್ಷಗಳಿಂದ ಏನಾಯಿತೋ, ಕಡೇ ಏರಿನಲ್ಲಿ ಸುಸ್ತಾಗಿ, ಹಿಂದಿನವರು ಕಾಯುವಂತೆ ಮಾಡುತ್ತಿದ್ದಳು. ಈ ಸಲ ಕ್ಲಬ್ಬಿನ ಅಧ್ಯಕ್ಷರು ಹೊಸ ನಿಯಮ ತಂದರು. ಮೂರು ನಿಮಿಷದೊಳಗೆ ತುದಿ ಮುಟ್ಟದ ಕಾರಿಗೆ ಮುಂದಿನ ವರ್ಷದಿಂದ ಪ್ರವೇಶವಿಲ್ಲ.

"ತಪ್ಪು ತಿಳ್ಕೋಬೇಡಿ ಡಾಕ್ಟ್ರೇ," ಎಂದರು ಅಧ್ಯಕ್ಷರು, ತಮ್ಮ ಹೊಚ್ಚ ಹೊಸ ಬೆಳ್ಳಿ ಬಣ್ಣದ ಕಾರಿಗೆ ಒರಗಿಕೊಂಡು. "ವಯಸ್ಸು ಯಾರನ್ನ ಬಿಡುತ್ತೆ ಹೇಳಿ? ಇದನ್ನ ಶೋಕೇಸಲ್ಲಿ ಇಟ್ಟುಬಿಡಿ, ಚೆನ್ನಾಗಿರುತ್ತೆ."

ಅವಳು ನಕ್ಕಳು. ಮನೆಗೆ ಬಂದು ಅತ್ತಳು. ಆಮೇಲೆ ತಮ್ಮನಿಗೆ ಫೋನ್ ಮಾಡಿದಳು.

ಅವನು ಕಾರುಗಳಿಗೆ ಬೇಕಾದ್ದು ಬೇಡದ್ದು ಎಲ್ಲ ಜೋಡಿಸಿಕೊಡುವ ಅಂಗಡಿ ಇಟ್ಟಿದ್ದ. ತಲೆ ನರೆತರೂ ಹುಮ್ಮಸ್ಸು ನರೆತಿರಲಿಲ್ಲ. ಅಕ್ಕನ ಫೋನಿಗೇ ಕಾದಿದ್ದವನಂತೆ ಡಬ್ಬಗಳನ್ನು ಹೊತ್ತು ಬಂದ. ಗಾಳಿ ಹೆಚ್ಚು ಎಳೆಯಲು ಅಣಬೆ ಆಕಾರದ ಹೊಸ ಫಿಲ್ಟರು, ಹೊಗೆ ಸರಾಗವಾಗಿ ಹೋಗಲು ದಪ್ಪನೆಯ ಸೈಲೆನ್ಸರ್ ಕೊಳವೆ.

"ಎಂಜಿನ್ ಬಿಚ್ಚೋದೇ ಬೇಡ ಅಕ್ಕ. ನಟ್ಟು ಬೋಲ್ಟು ಬಿಗಿದ್ರೆ ಆಯ್ತು, ಹಾರುತ್ತೆ."

ಷೆಡ್ಡಿನ ಬಾಗಿಲಲ್ಲಿ ನಿಂತ ಗಂಡ ಮೂಗು ಮುರಿದ. ಅವನು ಕಾರಿನ ಸೀಟು, ಕಾರ್ಪೆಟ್ಟು ಹೊಲಿಯುವವನು. ಅವನ ಹೊಲಿಗೆಗೆ ದೂರದಿಂದ ಗಿರಾಕಿಗಳು ಬರುತ್ತಿದ್ದರು. "ಹಳೇ ಕಾರಿಗೆ ಇವೆಲ್ಲ ದಂಡ ಕಣೋ. ಸದ್ದಿಗೆ ದುಡ್ಡು ಕೊಟ್ಟ ಹಾಗೆ."

"ಭಾವ, ನಿಮ್ಮ ಸೂಜಿ ದಾರ ನೀವು ನೋಡ್ಕೊಳ್ಳಿ."

ಎಲ್ಲ ಬಿಗಿದ ಮೇಲೆ ಕೆಂಪಿಯ ದನಿಯೇ ಬದಲಾಯಿತು. ಕೀಲಿ ತಿರುಗಿಸಿದರೆ ಪಕ್ಕದ ಮನೆಯ ಕಿಟಕಿಗಳು ನಡುಗುತ್ತಿದ್ದವು. ಡಾಕ್ಟರಮ್ಮನಿಗೆ ಹಿಗ್ಗೋ ಹಿಗ್ಗು. ಇಷ್ಟು ಆರ್ಭಟವಿದ್ದ ಮೇಲೆ ವೇಗವಿಲ್ಲದೆ ಇರುತ್ತದೆಯೇ ಎಂದುಕೊಂಡಳು. ಅಭ್ಯಾಸದ ದಿನ ಬೆಟ್ಟ ಹತ್ತುವಾಗ ಇಪ್ಪತ್ತರ ಹುಡುಗಿಯಾದ ಹಾಗೆನಿಸಿತು. ತುದಿಯಲ್ಲಿ ಗಡಿಯಾರ ಹಿಡಿದ ತಮ್ಮ ಮುಖ ಎತ್ತಲಿಲ್ಲ.

"ಎಷ್ಟೋ?"

"ಹೋದ ವರ್ಷಕ್ಕಿಂತ ನಾಲ್ಕು ಸೆಕೆಂಡು ಜಾಸ್ತಿ."

"ಕಡಿಮೆ ಅಂತೀಯಾ?"

"ಜಾಸ್ತಿ, ಅಕ್ಕ."

 ಮನೆಯ ದಾರಿಯಲ್ಲಿ ಯಾರು ಏನು ಅಂದರೂ ಆ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ. ಷೆಡ್ಡಿಗೆ ಬಂದು ಕಾರು ನಿಲ್ಲಿಸಿ ಅವಳು ಸ್ಟಿಯರಿಂಗ್ ಹಿಡಿದೇ ಕೂತಳು. ಹೌದು, ವಯಸ್ಸಾಗಿದೆ, ಕಾರಿಗೂ ತನಗೂ. ಒಪ್ಪಿಕೊಂಡು ಸುಮ್ಮನಾಗುವುದು ಮರ್ಯಾದೆ ಎಂದು ಮನಸ್ಸು ಹೇಳಿತು. ಆದರೆ ಮೂವತ್ತು ವರ್ಷ ಹಲ್ಲು ನೋಡಿದ ಕೈ ಸುಮ್ಮನಿರಲು ಒಪ್ಪಲಿಲ್ಲ.

ನೋವು ಎಂದು ರೋಗಿ ಬೆರಳಿಟ್ಟು ತೋರಿಸಿದ ಹಲ್ಲನ್ನು ಅವಳು ಎಂದೂ ಹಾಗೆಯೇ ನಂಬಿದವಳಲ್ಲ. ಮೇಲಿನ ಹಲ್ಲು ಎಂದು ಕೂಗಾಡುತ್ತಾರೆ, ಹುಳುಕು ಕೆಳಗಿನದರಲ್ಲಿರುತ್ತದೆ. ಒಂದು ತುದಿಯಿಂದ ಹಿಡಿದು ಒಂದೊಂದನ್ನೇ ತಟ್ಟುತ್ತ ಬರಬೇಕು, ಚೆನ್ನಾಗಿರುವುದನ್ನೂ ಬಿಡಬಾರದು. ಈ ಕೆಲಸವನ್ನು ಕೆಂಪಿಗೆ ಯಾರು ಮಾಡಿದ್ದಾರೆ? ಎಲ್ಲರೂ ಎಂಜಿನ್ ಎಂದರು, ಎಂಜಿನ್ನಿಗೇ ಮದ್ದು ಅರೆದರು.

"ಲೋ, ಬಾನೆಟ್ ಎತ್ತು," ಎಂದಳು. "ನಾನು ಒಂದು ತುದಿಯಿಂದ ಬರ್ತೀನಿ. ಮೊದಲು ಆಕ್ಸಿಲರೇಟರ್ ಒತ್ತುತೀನಿ, ಅದರ ಕೇಬಲ್ಲು ಎಳೆಯೋ, ಎಂಜಿನ್ನಿಗೆ ಗಾಳಿ ಬಿಡೋ ಆ ಮುಚ್ಚಳ ನೋಡು. ಪೂರ್ತಿ ತೆರೆಯುತ್ತಾ?"

"ಅದೇನಕ್ಕ, ತೆರೆಯದೆ ಏನು..." ಎನ್ನುತ್ತ ಬಗ್ಗಿದ. "ಹೂಂ, ಒತ್ತು. ಪೂರ್ತಿ ಒತ್ತು."

"ಒತ್ತಿದೀನಿ."

"ಇನ್ನೂ ಒತ್ತು."

"ಇದಕ್ಕಿಂತ ಒತ್ತಿದ್ರೆ ಕಾಲು ನೆಲದಿಂದ ಆಚೆ ಹೋಗುತ್ತೆ ಕಣೋ!"

ಬಾನೆಟ್ಟಿನ ಮರೆಯಿಂದ ತಮ್ಮ ಮೆಲ್ಲಗೆ ತಲೆ ಎತ್ತಿದ. ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. "ಅಕ್ಕ, ಮುಚ್ಚಳ ಮುಕ್ಕಾಲು ಭಾಗ ಮಾತ್ರ ತೆರೀತಿದೆ."

ಅವಳು ಇಳಿದು, ಮೊಣಕಾಲೂರಿ, ಪೆಡಲಿನ ಕೆಳಗೆ ಕೈ ಹಾಕಿದಳು. ಮೆತ್ತಗಿತ್ತು. ದಪ್ಪ ಕಾರ್ಪೆಟ್ಟು, ಅದರಡಿ ಎರಡು ಪದರ ಸ್ಪಂಜು, ಕಾರ್ಪೆಟ್ಟಿನ ಮೇಲೆ ಹಿಮ್ಮಡಿಗೆ ನೋವಾಗದಿರಲೆಂದು ಕೈಯಲ್ಲೇ ಹೊಲಿದ ಚರ್ಮದ ದಿಂಬು. ಪೆಡಲು ಬಂದು ಈ ದಿಂಬಿಗೆ ಒರಗಿ ನಿಂತುಬಿಡುತ್ತಿತ್ತು. ಮೂರು ವರ್ಷದ ಹಿಂದೆ, ಅವಳ ಹುಟ್ಟುಹಬ್ಬಕ್ಕೆಂದು, ಗಂಡ ಹದಿನೈದು ದಿನ ಕೂತು ಹೊಲಿದದ್ದು ಅದು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದರು ಎಲ್ಲರೂ ಸೇರಿ. ನಗು ಬಂತು ಅವಳಿಗೆ, ಅದರ ಹಿಂದೆಯೇ ಹೆದರಿಕೆಯೂ ಬಂತು. ಇವನಿಗೆ ಹೇಗೆ ಹೇಳುವುದು? ಇಡೀ ಜಗತ್ತು ಅವಳನ್ನು ನೋಡಿ ನಕ್ಕಾಗ, ನಿನ್ನ ಕಾಲಿಗೆ ನೋವಾಗಬಾರದು ಎಂದವನು ಇವನೊಬ್ಬನೇ. ಆದರೆ ಮುಚ್ಚಿಟ್ಟು ಗೆಲ್ಲುವುದು ಅವಳಿಗೆ ಬೇಕಿರಲಿಲ್ಲ.

"ರೀ, ಇಲ್ಲಿ ಬನ್ನಿ," ಎಂದು ಕರೆದು ಅವನ ಕೈಯನ್ನೇ ಹಿಡಿದು ಪೆಡಲಿನ ಕೆಳಗೆ ಇಟ್ಟಳು.

ಅವನಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಎದ್ದು ಒಳಗೆ ಹೋದ. ಮುನಿಸಿಕೊಂಡ ಎಂದು ಅಕ್ಕ-ತಮ್ಮ ಇಬ್ಬರೂ ಮುಖ ಮುಖ ನೋಡಿಕೊಂಡರು. ಬರುವಾಗ ಕೈಯಲ್ಲಿ ಅವನ ದೊಡ್ಡ ಕತ್ತರಿ ಇತ್ತು.

"ಸರೀರಿ ಈ ಕಡೆ. ನನ್ನ ಹೊಲಿಗೇನ ನಾನೇ ಬಿಚ್ಚಬೇಕು, ಬೇರೆಯವರು ಮುಟ್ಟಿದ್ರೆ ಹಾಳು ಮಾಡ್ತಾರೆ." ದಿಂಬನ್ನು ಕಿತ್ತ, ಸ್ಪಂಜು ಕಿತ್ತ, ಅಂಚನ್ನು ನಾಜೂಕಾಗಿ ಮಡಿಚಿ ಹೊಲಿದ. ದಾರ ಹಲ್ಲಲ್ಲಿ ಕಚ್ಚಿ ತುಂಡರಿಸಿ ಹೆಂಡತಿಯ ಮುಖ ನೋಡಿದ. "ಮೂರು ವರ್ಷ ಬಾಯಿ ಕಟ್ಟಿ ಓಡಿಸಿದೆನಲ್ಲೇ ಪಾಪ ಅದನ್ನ."

"ದಾರಾನ ಹಲ್ಲಲ್ಲಿ ಕಚ್ಚಬೇಡಿ ಅಂತ ಎಷ್ಟು ಸಲ ಹೇಳಬೇಕು ನಿಮಗೆ?" ಎಂದಳು ಅವಳು. ಕಣ್ಣು ಮಾತ್ರ ಒದ್ದೆಯಾಗಿತ್ತು.

ಉಳಿದದ್ದನ್ನು ಮೂವರೂ ಸೇರಿ ಒಂದೊಂದಾಗಿ ತಟ್ಟಿ ನೋಡಿದರು. ಅಣಬೆ ಫಿಲ್ಟರು ಎಂಜಿನ್ ಪಕ್ಕದ ಬಿಸಿ ಗಾಳಿಯನ್ನೇ ನುಂಗುತ್ತಿತ್ತು. ಆ ನಾಲ್ಕು ಸೆಕೆಂಡಿನ ಕಳ್ಳ ಅದೇ. ಮುಂಭಾಗದಿಂದ ತಣ್ಣನೆ ಗಾಳಿ ತರುತ್ತಿದ್ದ ಹಳೆಯ ಫಿಲ್ಟರ್ ಡಬ್ಬವನ್ನು ತಮ್ಮ ತಾನೇ ವಾಪಸು ಕೂರಿಸಿದ. ಸೈಲೆನ್ಸರ್ ಕೊಳವೆ ಮಾತ್ರ ಉಳಿಯಿತು. ಈಗ ಪೂರ್ತಿ ಉಸಿರು ಎಳೆಯುವ ಎಂಜಿನ್ನಿಗೆ ಬಿಡಲೂ ಅಷ್ಟೇ ಜಾಗ ಬೇಕಿತ್ತು. "ನೋಡಿದ್ರಾ ಭಾವ, ಅರ್ಧ ನಾನು ಗೆದ್ದೆ," ಎಂದ ತಮ್ಮ.

ಸ್ಪರ್ಧೆಯ ದಿನ ಧ್ವಜ ಇಳಿಯಿತು. ಡಾಕ್ಟರಮ್ಮ ಪೆಡಲು ಒತ್ತಿದಳು. ಕಾಲು ಹೋಗುತ್ತಲೇ ಇತ್ತು, ಹೋಗುತ್ತಲೇ ಇತ್ತು, ಕೆಂಪಿ ಬೆನ್ನಿಗೆ ಗುದ್ದಿ ಮುಂದೆ ನುಗ್ಗಿದಳು. ಮೊದಲ ತಿರುವು, ಕಲ್ಲುಗೋಡೆ, ಸೇತುವೆ. ಮೂರು ವರ್ಷಗಳಿಂದ ಕೆಂಪಿ ಏದುಸಿರು ಬಿಡುತ್ತಿದ್ದ ಕಡೇ ಏರು ಎದುರಾದಾಗ ಅವಳು ಅಭ್ಯಾಸಬಲದಿಂದ ಹಲ್ಲು ಕಚ್ಚಿದಳು. ಕಾರು ನಿಧಾನವಾಗಲಿಲ್ಲ. ಏರಿನ ನಡುವೆಯೂ ಇನ್ನಷ್ಟು ಬೇಕೇ ಎಂದು ಕೇಳುವ ಹಾಗೆ ಎಳೆಯುತ್ತಿತ್ತು. ಅವಳು ಒಬ್ಬಳೇ ಕೂತು ಗಟ್ಟಿಯಾಗಿ ಕೂಗಿದಳು. ಏನು ಕೂಗಿದಳೋ ಅವಳಿಗೇ ಗೊತ್ತಿಲ್ಲ, ಮರ್ಯಾದಸ್ಥರ ಬಾಯಲ್ಲಿ ಬರುವ ಮಾತಂತೂ ಅಲ್ಲ.

ಧ್ವನಿವರ್ಧಕ ಸಮಯ ಹೇಳಿತು. ಎರಡು ನಿಮಿಷ ನಲವತ್ತೊಂಬತ್ತು ಸೆಕೆಂಡು. ಕೆಂಪಿ ತನ್ನ ಇಡೀ ಜನ್ಮದಲ್ಲೇ ಅಷ್ಟು ಬೇಗ ಹತ್ತಿರಲಿಲ್ಲ. ಗಂಡ ಅಡ್ಡ ಕಟ್ಟಿದ್ದ ಹಗ್ಗ ಹಾರಿ ಓಡಿ ಬಂದು ಕಿಟಕಿಯೊಳಗೆ ತಲೆ ತೂರಿಸಿ ಅಳುತ್ತಿದ್ದ. ಅವಳು ನಗುತ್ತಿದ್ದಳು.

ಜನ ಮುತ್ತಿಕೊಂಡರು. ಹಳೆಯ ಕಾರುಗಳವರು, ಹೊಸ ಕಾರುಗಳವರು, ಎಲ್ಲರಿಗಿಂತ ಮುಂದೆ ಅಧ್ಯಕ್ಷರು. ಅವರ ಬೆಳ್ಳಿ ಕಾರು ಮೂರು ನಿಮಿಷಕ್ಕೆ ಎರಡೇ ಸೆಕೆಂಡು ಉಳಿಸಿ ಬಚಾವಾಗಿತ್ತು. "ಏನು ಹಾಕಿದ್ಯಪ್ಪಾ ಇದಕ್ಕೆ?" ಎಂದು ತಮ್ಮನನ್ನೇ ಕೇಳಿದರು. "ಏನೇ ಇರ್ಲಿ, ನನಗೂ ಅದನ್ನೇ ಹಾಕು."

ಇಂಥ ಗಿರಾಕಿಗಳ ಗುಂಪು ತಮ್ಮನ ಅಂಗಡಿಗೆ ಜನ್ಮದಲ್ಲಿ ಬಂದಿರಲಿಲ್ಲ. ಅವನು ಬಾಯಿ ತೆರೆದ. ಅಕ್ಕ ಉಸಿರು ಬಿಗಿಹಿಡಿದು ಅವನನ್ನೇ ನೋಡಿದಳು.

"ಹಾಕೋದು ಆಮೇಲೆ ಸಾರ್," ಎಂದ ಅವನು. "ಮೊದಲು ನಿಮ್ಮ ಆಕ್ಸಿಲರೇಟರ್ ಪೂರ್ತಿ ಕೆಳಗೆ ಹೋಗುತ್ತಾ ನೋಡ್ಕೊಂಡು ಬನ್ನಿ."

ಗುಂಪು ನಕ್ಕಿತು. ಆಮೇಲೆ ಒಬ್ಬ ಮೆಲ್ಲಗೆ ತನ್ನ ಕಾರಿನ ಕಡೆ ನಡೆದ. ಇನ್ನೊಬ್ಬ ಹೊರಟ. ನೋಡನೋಡುತ್ತಿದ್ದಂತೆ ಬೆಟ್ಟದ ತುದಿಯ ಬಯಲಿನಲ್ಲಿ ಸಾಲು ಕಾರುಗಳ ಬಾಗಿಲುಗಳೆಲ್ಲ ತೆರೆದುಕೊಂಡವು, ದೊಡ್ಡ ದೊಡ್ಡವರೆಲ್ಲ ಮೊಣಕಾಲೂರಿ ಪೆಡಲಿನಡಿ ಕೈಯಾಡಿಸತೊಡಗಿದರು. ಬೆಳ್ಳಿ ಕಾರಿನಿಂದ ಹೊರಗೆ ಅಧ್ಯಕ್ಷರ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದಪ್ಪನೆಯ ರಬ್ಬರ್ ಹಾಸೊಂದು ಹುಲ್ಲಿನ ಮೇಲೆ ಬಂದು ಬಿತ್ತು.