ಆರ್ಲಿಸಳ ಹೆಬ್ಬೆರಳು

ಇಂಜಿನ್ನಿನ ಹನ್ನೆರಡು ವಾಲ್ವ್‌ಗಳ ಸಂದಿಗೂ ಅಳತೆಪಟ್ಟಿ ತೂರಿಸಿ ಸರಿಮಾಡುವಷ್ಟರಲ್ಲಿ ಡೆಲ್ಮರನ ಬೆಳಗೆಲ್ಲ ಕಳೆದಿತ್ತು. ಉಳಿದದ್ದು ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಂದೇ. ಇಂಜಿನ್ನಿನ ಮುಂದಿನ ಪುಲ್ಲಿಯ ಗುರುತನ್ನು ಗೆರೆಗೆ ಕೂಡಿಸಿ ಅದನ್ನು ಕೂರಿಸಿ ಸ್ಟಾರ್ಟ್ ಮಾಡಿದ. ಹಳೆಯ ಪಿಕಪ್‌ನ ಇಂಜಿನ್ ಢಮ್ಮೆಂದು ಕೆಮ್ಮಿ ಸುಮ್ಮನಾಯಿತು. ಬಿಚ್ಚಿ ಮತ್ತೆ ಹಾಗೆಯೇ ಕೂರಿಸಿದ. ಮತ್ತೆ ಢಂ.

"ಆ ಗುರುತು ಎರಡು ಸಲ ಬರತ್ತೆ ಮಾರಾಯ," ಎಂದಳು ಕಾಫಿ ಹಿಡಿದು ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಆರ್ಲಿಸ್. "ಗಾಳಿ ಒತ್ತುವಾಗ ಒಂದ್ಸಲ, ಹೊಗೆ ಬಿಡುವಾಗ ಒಂದ್ಸಲ. ಕಿಡಿ ಹಾರ್ಬೇಕಾದ್ದು ಗಾಳಿ ಒತ್ತುವಾಗ. ನಾನು ಪ್ಲಗ್ ತೂತಿಗೆ ಹೆಬ್ಬೆರಳು ಇಡ್ತೀನಿ, ನೀನು ತಿರುಗ್ಸು, ಗಾಳಿ ನೂಕಿದ್ರೆ ಗೊತ್ತಾಗತ್ತೆ. ಮಿನೆಸೋಟಾದಲ್ಲಿ ಅಪ್ಪನ ಟ್ರ್ಯಾಕ್ಟರಿಗೆ ಹಾಗೇ ಮಾಡ್ತಿದ್ವಿ."

"ನಿಮ್ಮಪ್ಪನ ಪುರಾಣ ಸಾಕು. ಗುರುತು ನೋಡೋಕೆ ನಂಗೂ ಕಣ್ಣಿದೆ!"

ಮೂರನೆಯ ಸಲ ಕಾರ್ಬ್ಯುರೇಟರಿನ ಮೇಲೆ ಬಗ್ಗಿಕೊಂಡೇ ಸ್ಟಾರ್ಟರಿನ ತಂತಿ ಮುಟ್ಟಿಸಿದ. ಕಾರ್ಬ್ಯುರೇಟರ್ ಅವನ ಮುಖಕ್ಕೇ ಬೆಂಕಿ ಉಗುಳಿತು. ಕೂದಲು ಸುಟ್ಟ ವಾಸನೆ ಬಂತು. ಸಿಟ್ಟಿಗೆ ಸ್ಪ್ಯಾನರ್ ಬೀಸಿ ಒಗೆದ. ಅದು ಗಾಡಿಯಡಿ ಹೋಗಿ ಬಿತ್ತು. ತಾನೇ ತೆವಳಿ ಹೋಗಿ ತಂದ.

"ಏನ್ ನೋಡ್ತಾ ನಿಂತಿದ್ದೀಯ? ಬಾ, ಇಡು ನಿನ್ನ ಬೆರಳು," ಎಂದು ಗೊಣಗಿದ.

ಅವಳು ಪ್ಲಗ್ ಬಿಚ್ಚಿ ತೂತು ಮುಚ್ಚಿದಳು. ಅವನು ಪುಲ್ಲಿ ತಿರುಗಿಸಿದ.

"ಇಲ್ಲ... ಇನ್ನೂ ಇಲ್ಲ... ಹಾಂ, ನೂಕ್ತಾ ಇದೆ! ಈಗ ಬರೋ ಗುರುತೇ ಸರಿ."

ಗುರುತು ಗೆರೆಗೆ ಬಂದೊಡನೆ ನಿಲ್ಲಿಸಿ, ಡಿಸ್ಟ್ರಿಬ್ಯೂಟರನ್ನು ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಕೂರಿಸಿದ, ಪ್ಲಗ್ಗನ್ನೂ ಹಾಕಿದ. ಮೊದಲ ಏಟಿಗೇ ಇಂಜಿನ್ ಹದವಾಗಿ ಓಡತೊಡಗಿತು.

ಆರ್ಲಿಸ್ ಹೆಬ್ಬೆರಳಿನ ಮಸಿಯನ್ನು ಅವನ ಅಂಗಿಗೇ ಒರೆಸಿದಳು.

"ಕಣ್ಣಿದೆ ಅಂದ್ಯಲ್ಲ, ಹೋಗಿ ಕನ್ನಡಿ ನೋಡ್ಕೋ. ಕಣ್ಣೇನೋ ಇದೆ, ಮೇಲೆ ಹುಬ್ಬೇ ಇಲ್ಲ."