ಕಲ್ಲುಕಂಬದ ಹುಳುಮನೆ

ವಿಮಾನದ ಮನೆಯನ್ನು ಮೊದಲು ಕಂಡವಳು ಅರ್ಪಿತ. ದೇವನಹಳ್ಳಿ ಕಡೆಯ ಒಂದೂರಿನಲ್ಲಿ ಯಾರೋ ಪುಣ್ಯಾತ್ಮರು ತಾರಸಿಯ ನೀರಿನ ಟ್ಯಾಂಕನ್ನು ವಿಮಾನದ ಹಾಗೆ ಕಟ್ಟಿಸಿ, ರೆಕ್ಕೆಗೆ ಕೆಂಪು ಬಣ್ಣ ಹೊಡೆಸಿ, ಅದರ ಕಿಟಕಿಗಳಲ್ಲಿ ಮನೆಮಂದಿಯ ಮುಖಗಳನ್ನೇ ಬರೆಸಿದ್ದರು. ಅಪ್ಪನ ಗೂಡ್ಸ್ ಆಟೋದ ಹಿಂದೆ ಕೂತು, ಒಂದು ಕೈಯಲ್ಲಿ ರೇಷ್ಮೆಹುಳುವಿನ ತಟ್ಟೆ ಹಿಡಿದುಕೊಂಡೇ, ಬಿರುಕು ಬಿಟ್ಟ ಫೋನಿನಲ್ಲಿ ಅವಳು ಅದರ ಫೋಟೋ ತೆಗೆದಿದ್ದಳು. ಈಗ ಆ ಫೋಟೋ ಚಿಕ್ಕಪ್ಪನ ಮಗಳು ಜ್ಯೋತಿಲಕ್ಷ್ಮಿಯ ಇನ್‌ಸ್ಟಾ ಪೇಜಿನಲ್ಲಿತ್ತು. ಹನ್ನೊಂದು ಸಾವಿರ ಜನ ಮೆಚ್ಚಿದ್ದರು. ಕೆಳಗಿದ್ದದ್ದು ಜ್ಯೋತಿಯ ಹೆಸರು.

"ಅದು ನಾನ್ ತೆಗ್ದಿದ್ದಲ್ವೇನೇ?" ಎಂದು ಕೇಳಲು ಅರ್ಪಿತಳಿಗೆ ನಾಲ್ಕು ದಿನ ಬೇಕಾಯಿತು.

"ನೀನೇ ತೆಗ್ದಿದ್ದು ಕಣೇ, ಯಾರ್ ಇಲ್ಲ ಅಂದ್ರು?" ಜ್ಯೋತಿ ಫೋನಿನಿಂದ ತಲೆ ಎತ್ತಲಿಲ್ಲ. "ಆದ್ರೆ ಪೇಜು ನಂದಲ್ವಾ. ನಿನ್ ಹೆಸ್ರು ಹಾಕುದ್ರೆ ಯಾವ ಅರ್ಪಿತ ಅಂತಾರೆ."

ಜ್ಯೋತಿ ದೊಡ್ಡಬಳ್ಳಾಪುರದಲ್ಲಿ ಡಿಗ್ರಿ ಓದುತ್ತಿದ್ದಳು. ಅರ್ಪಿತ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅವಳ ಅಪ್ಪ ಪಿಳ್ಳಣ್ಣ ಕುಂದಾಣದ ಹತ್ತಿರ ಚಾಕಿ ಕೇಂದ್ರ ನಡೆಸುತ್ತಿದ್ದ. ಎಂದರೆ, ರೇಷ್ಮೆಹುಳುವನ್ನು ಮೊಟ್ಟೆಯಿಂದ ಎಬ್ಬಿಸಿ, ಎರಡು ಜ್ವರ ಕಳೆಯುವವರೆಗೆ ಸಾಕಿ, ಆಮೇಲೆ ರೈತರ ಮನೆಮನೆಗೆ ತಲುಪಿಸುವ ಕೆಲಸ. ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ಆ ಕಡೆಯವರು ಜ್ವರ ಅನ್ನುತ್ತಾರೆ. ಹುಳು ಕೊಡಲು ಊರೂರು ತಿರುಗುವಾಗ ಅರ್ಪಿತಳ ಕಣ್ಣಿಗೆ ಬೀಳದ ಕಟ್ಟಡವಿರಲಿಲ್ಲ. ಸಮೇತನಹಳ್ಳಿ ಕಡೆ ಒಂದು ಮನೆಗೆ ಮಹಡಿಯೇ ಇಲ್ಲ, ಆದರೆ ಮಹಡಿಗೆ ಹತ್ತುವ ಮೆಟ್ಟಿಲಿದೆ, ಮೆಟ್ಟಿಲ ತುದಿಗೆ ಬೀಗ ಹಾಕಿದ ಬಾಗಿಲಿದೆ. ರಸ್ತೆ ಅಗಲವಾದಾಗ ಅರ್ಧ ಹೋದ ಇನ್ನೊಂದು ಮನೆಯ ನೀಲಿ ದೇವರ ಗೂಡು ಈಗ ಲಾರಿಗಳಿಗೆ ಮುಖ ಮಾಡಿಕೊಂಡು ನಿಂತಿದೆ. ಮಾತಾಡಲು ಸಂಕೋಚವಿದ್ದವಳಿಗೆ ನೋಡಲು ಸಂಕೋಚವಿರಲಿಲ್ಲ. ನೋಡಿದ್ದನ್ನೆಲ್ಲ ಜ್ಯೋತಿಗೆ ತೋರಿಸುತ್ತಿದ್ದಳು. ತೋರಿಸಿದ್ದೆಲ್ಲ ಜ್ಯೋತಿಯದಾಯಿತು.

ಒಂದನ್ನು ಮಾತ್ರ ತೋರಿಸಿರಲಿಲ್ಲ.

ದೊಡ್ಡಬಳ್ಳಾಪುರದ ಕಡೆಯ ಮಧುರೆಯಿಂದ ಆಚೆ ಆದಿನಾರಾಯಣಪ್ಪನ ತೋಟವಿತ್ತು. ದ್ರಾಕ್ಷಿ ತೋಟ ಕಿತ್ತಾಗ ಚಪ್ಪರದ ಕಲ್ಲುಕಂಬಗಳನ್ನು ಮಾರಲು ಆ ಮುದುಕನಿಗೆ ಮನಸ್ಸು ಬರಲಿಲ್ಲ. ಐನೂರು ಚಿಲ್ಲರೆ ಕಂಬಗಳನ್ನು ಒಂದರ ಪಕ್ಕ ಒಂದು ಗುಂಡಗೆ ನೆಟ್ಟು, ಮೇಲೆ ಗರಿ ಹೊದಿಸಿ, ಹುಳುಮನೆ ಮಾಡಿಕೊಂಡ. ಕಂಬ ಕಂಬದ ನಡುವೆ ಎರಡು ಬೆರಳು ಸಂದು. ಸಂಜೆ ನಾಲ್ಕು ಗಂಟೆಗೆ ಹೊತ್ತು ವಾಲಿದಾಗ ಆ ಸಂದುಗಳಿಂದ ಬಿಸಿಲು ನುಗ್ಗಿ, ಒಳಗಿನ ನೆಲ, ಸೊಪ್ಪು, ಹುಳು, ಮುದುಕನ ಬೆನ್ನು, ಎಲ್ಲದರ ಮೇಲೂ ಪಟ್ಟೆ ಎಳೆಯುತ್ತಿತ್ತು. ಅರ್ಪಿತ ಅದರ ಫೋಟೋ ತೆಗೆಯಲು ಮೂರು ಸಲ ನೋಡಿದಳು. ಬಿರುಕು ಫೋನಿನಲ್ಲಿ ಬರೀ ಬಿಳಿ ಮಚ್ಚೆ ಬಂತು.

ಬೆಂಗಳೂರಿನ ಉಮಾಶಂಕರ್ ಎಂಬವರು ಊರ ಸುತ್ತಲಿನ ವಿಚಿತ್ರ ಕಟ್ಟಡಗಳ ಪುಸ್ತಕ ಮಾಡುತ್ತಿದ್ದರು. ಭಾನುವಾರ ಗೆಳೆಯರನ್ನು ಕರೆದುಕೊಂಡು ಬರುತ್ತೇನೆ, ಯಾರೂ ಕಾಣದ್ದು ಏನಾದರೂ ಇದೆಯಾ ಎಂದು ಜ್ಯೋತಿಯ ಪೇಜಿನಲ್ಲಿ ಕೇಳಿ ನಂಬರನ್ನೂ ಹಾಕಿದ್ದರು. ಅರ್ಪಿತ ಮಾತು ಧ್ವನಿಮುದ್ರಿಸಿ ಕಳಿಸಿದಳು. ಐದು ಸಲ ಅಳಿಸಿ, ಆರನೆಯದನ್ನು ಬಿಟ್ಟಳು: "ನನ್ನತ್ರ ಒಂದೈತೆ ಸಾರ್."

"ನೀವು ತೋರಿಸಿ. ನನ್ನ ಕ್ಯಾಮೆರಾ ಕೊಡ್ತೀನಿ, ಒಳಗಿನ ಫೋಟೋ ನೀವೇ ತೆಗೀರಿ. ಪುಸ್ತಕದಲ್ಲಿ ಕೆಳಗೆ ನಿಮ್ಮ ಹೆಸರೇ ಇರುತ್ತೆ," ಎಂದು ಉತ್ತರ ಬಂತು.

ಅದನ್ನು ಅವಳು ಎಷ್ಟು ಸಲ ಕೇಳಿಸಿಕೊಂಡಳೋ. ತನ್ನ ಹೆಸರು, ಅಚ್ಚಿನಲ್ಲಿ, ಜ್ಯೋತಿಯ ಕಣ್ಣೆದುರಿಗೆ.

ಜ್ಯೋತಿ ಬಿಡುತ್ತಾಳೆಯೇ? ತಾನೂ ಬರುತ್ತೇನೆ ಎಂದಳು. ಆಗ ಅರ್ಪಿತ ಒಂದು ಕೆಲಸ ಮಾಡಿದಳು. ಹುಳುಮನೆಗೆ ಸೆಂಟು, ಊದುಬತ್ತಿ, ಹೊಗೆಸೊಪ್ಪು ಯಾವುದರ ವಾಸನೆಯೂ ಸೋಕಬಾರದು, ಸೋಕಿದರೆ ಹುಳು ಮೇವು ಬಿಡುತ್ತದೆ. ಇದನ್ನು ಉಮಾಶಂಕರರಿಗೆ ತಿಳಿಸಿ, ಬರುವವರಿಗೆಲ್ಲ ಹೇಳಿಸಿದಳು. ಸೆಂಟಿಲ್ಲದೆ ಹೊಸಿಲು ದಾಟದ ಜ್ಯೋತಿಗೆ ಮಾತ್ರ ತಾನೇ ಹೇಳುತ್ತೇನೆ ಎಂದಳು, ಹೇಳಲಿಲ್ಲ. ಬಾಗಿಲಲ್ಲೇ ನಿಲ್ಲಲಿ, ಎಲ್ಲರೆದುರು.

ಭಾನುವಾರ ಟೆಂಪೋದಲ್ಲಿ ಉಮಾಶಂಕರರು ಅರ್ಪಿತಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಹಿಂದಿನಿಂದ ಜ್ಯೋತಿ, "ಸಾರ್, ನಮ್ ಅರ್ಪಿತ ದಿನಾ ಹುಳದ್ ಜೊತೆನೇ ಇರೋದು. ಸ್ವಲ್ಪ ಹಿಕ್ಕೆ ವಾಸ್ನೆ ಬಂದ್ರೆ ಬೇಜಾರ್ ಮಾಡ್ಕೋಬೇಡಿ," ಎಂದಳು. ಎಲ್ಲರೂ ನಕ್ಕರು. ಉಮಾಶಂಕರರೂ ನಕ್ಕರು.

ಮಧುರೆಯಲ್ಲಿ ಎಳನೀರಿಗೆ ಎಲ್ಲರೂ ಇಳಿದರು. ಜ್ಯೋತಿಯ ಬ್ಯಾಗು ಸೀಟಿನ ಮೇಲೆ ಬಾಯಿ ತೆರೆದುಕೊಂಡಿತ್ತು. ಅರ್ಪಿತ ಸೆಂಟಿನ ಬಾಟಲಿ ತೆಗೆದು ತನ್ನ ವೇಲಿಗೆ ಎರಡು ಸಲ ಹೊಡೆದುಕೊಂಡಳು. ಇಳಿಯುವಾಗ ವೇಲನ್ನು ಗಾಡಿಯಲ್ಲೇ ಬಿಟ್ಟರಾಯಿತು. ಅಲ್ಲಿವರೆಗೆ ಜ್ಯೋತಿಯ ಹಾಗೆ ತಾನೂ ಘಮಘಮಿಸಬಹುದು.

ಆದರೆ ಗಾಡಿ ಹೊರಟಾಗ ಉಮಾಶಂಕರರು, "ನಿಮ್ಮ ಕಣ್ಣಿಗೆ ಇದು ಹೇಗೆ ಬಿತ್ತು?" ಎಂದು ಕೇಳಿದರು. ಹಾಗೆ ಅವಳನ್ನು ಯಾರೂ ಈವರೆಗೆ ಕೇಳಿರಲಿಲ್ಲ. ಅರ್ಪಿತ ಬಾಯಿ ಬಿಟ್ಟಳು. ಬೀಗ ಹಾಕಿದ ಬಾಗಿಲು, ಲಾರಿ ನೋಡುವ ದೇವರ ಗೂಡು, ದ್ರಾಕ್ಷಿ ತೋಟದ ಕಥೆ, ಒಂದಾದ ಮೇಲೊಂದು ಹೇಳುತ್ತಾ ಹೇಳುತ್ತಾ ತೋಟ ಬಂತು, ಹೇಳುತ್ತಲೇ ಇಳಿದಳು. ದೊಡ್ಡ ಕ್ಯಾಮೆರಾ ಅವಳ ಕೊರಳಿಗೆ ಬಿತ್ತು. ವೇಲು ಹೆಗಲ ಮೇಲೇ ಇತ್ತು.

ಬಾಗಿಲಲ್ಲಿ ಆದಿನಾರಾಯಣಪ್ಪ, ಹೊರಗಿನ ರೋಗ ಒಳಗೆ ಬಾರದಿರಲೆಂದು, ಒಬ್ಬೊಬ್ಬರ ಕಾಲನ್ನೂ ಸುಣ್ಣದ ಪುಡಿಯ ಚೀಲದ ಮೇಲೆ ಇಡಿಸುತ್ತಿದ್ದ. ಥಟ್ಟನೆ ಮೂಗು ಎತ್ತಿದ.

"ಯಾರದು ಸೆಂಟು?"

ಜ್ಯೋತಿಯ ಕೂದಲು, ಕನ್ನಡಕ, ಬ್ಯಾಗು ನೋಡಿ, "ಏ ಕಾಲೇಜ್ ಹುಡ್ಗಿ, ನೀನ್ ಆಚೆ ನಿಂತ್ಕೊಳವ್ವ," ಎಂದ.

"ಅಯ್ಯೋ ನಾನ್ ಹಾಕಿಲ್ಲ ತಾತ! ನಮ್ಮಜ್ಜಿ ವರಲಕ್ಷ್ಮಮ್ಮ ಬಾಟ್ಲಿ ಕಿತ್ಕೊಂಡ್ ಬ್ಯಾಗಿಗ್ ಎಸೆದ್ಲು, ಹುಳುಮನೆಗೆ ಹೋಗೋಳಿಗೆ ಇದೇನ್ ಶೋಕಿ ಅಂತ. ದೇವ್ರಾಣೆಗೂ ಹಾಕಿಲ್ಲ."

"ಹಾಕಿಲ್ದಿದ್ರೆ ವಾಸ್ನೆ ಆಕಾಶದಿಂದ ಉದುರ್ತಾ? ನಡಿ ಆಚೆ."

ಎಲ್ಲರೂ ಜ್ಯೋತಿಯನ್ನು ನೋಡಿದರು. ಜ್ಯೋತಿಯ ಮುಖ ಕೆಂಪಾಯಿತು. ಅರ್ಪಿತ ಬಯಸಿದ್ದು ಅದನ್ನೇ. ಬಾಗಿಲು ಎರಡು ಹೆಜ್ಜೆ ದೂರದಲ್ಲಿತ್ತು, ಕ್ಯಾಮೆರಾ ಎದೆಯ ಮೇಲಿತ್ತು, ಸೆಂಟಿನ ವೇಲು ಹೆಗಲ ಮೇಲಿತ್ತು. ಸುಮ್ಮನಿದ್ದರೆ ಸಾಕು.

ಒಳಗೆ ಹುಳುಗಳು ಸೊಪ್ಪು ತಿನ್ನುವ ಸದ್ದು ಕೇಳುತ್ತಿತ್ತು. ನಾಲ್ಕನೇ ಜ್ವರ ಎದ್ದು ಮೂರು ದಿನ. ಅವನ್ನು ಇರುವೆಗಿಂತ ಚಿಕ್ಕವಿದ್ದಾಗ ಕೋಳಿಪುಕ್ಕದಿಂದ ಸವರಿ ತಟ್ಟೆಗೆ ಇಳಿಸಿದವಳು ಅವಳೇ. ಆಗ ಅವಕ್ಕೆ ಸೊಪ್ಪು ಕುಯ್ದ ಬೆರಳಿನ ಗಾಯ ಇನ್ನೂ ಮಾಗಿರಲಿಲ್ಲ.

ಅವಳು ಹಿಂದಕ್ಕೆ ಸರಿದಳು. "ಅವಳದಲ್ಲ ತಾತ. ನಂದು."

ಮುದುಕ ಅವಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. "ಚಾಕಿ ಮನೆ ಹುಡ್ಗಿ ನೀನೇ ಹಿಂಗ್ ಮಾಡುದ್ರೆ ಇನ್ಯಾರಿಗ್ ಏನಂತ ಹೇಳ್ಲವ್ವ? ಹೋಗು, ಬೇವಿನ ಮರದ್ ತಾವ ಕೂತ್ಕೊ."

ಕ್ಯಾಮೆರಾ ಕೊರಳಿಂದ ಕೊರಳಿಗೆ ಹೋಯಿತು. ಅದನ್ನು ಹಾಕಿಕೊಳ್ಳುವಾಗ ಜ್ಯೋತಿ ಮೆಲ್ಲಗೆ, "ನನ್ ಸೆಂಟೇ ಹಾಕ್ಕೊಂಡಿದೀಯಲ್ಲೇ," ಎಂದಳು. ಬೈದಿದ್ದರೆ ವಾಸಿಯಿತ್ತು. ನಕ್ಕಳು.

ಬೇವಿನ ಬುಡದಲ್ಲಿ ಕೂತ ಅರ್ಪಿತಳಿಗೆ ಕಲ್ಲಿನ ಸಂದುಗಳಲ್ಲಿ ಜ್ಯೋತಿ ತುಂಡು ತುಂಡಾಗಿ ಕಾಣುತ್ತಿದ್ದಳು. ಒಂದು ಸಂದಿನಲ್ಲಿ ಮೊಣಕೈ, ಒಂದರಲ್ಲಿ ಜಡೆ, ಒಂದರಲ್ಲಿ ಕಣ್ಣಿಗೆ ಒತ್ತಿಕೊಂಡ ಕ್ಯಾಮೆರಾ. 

ಹೊರಬಂದ ಮೇಲೆ ಉಮಾಶಂಕರರು ಟಿಪ್ಪಣಿ ಪುಸ್ತಕ ತೆಗೆದು, "ಕಂಡುಹಿಡಿದವರು ಅಂತ ಯಾರ ಹೆಸರು ಬರ್ಕೊಳ್ಲಿ?" ಎಂದು ಅರ್ಪಿತಳ ಕಡೆ ನೋಡಿದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಮುದುಕ ಬಂದ.

"ಕಂಡಿಡಿಯಾಕೆ ಅದೇನ್ ಕಳ್ದೋಗಿತ್ತಾ ಸ್ವಾಮಿ? ಕಟ್ಟಿದ್ದು ನಾನು. ನನ್ ಹೆಸ್ರು ಬರ್ಕೊಳಿ."

ಎಲ್ಲರೂ ಹೋ ಎಂದು ನಕ್ಕರು. ಉಮಾಶಂಕರರು ಹಾಗೇ ಬರೆದುಕೊಂಡರು. ಅದರ ಕೆಳಗೆ, ಫೋಟೋ: ಜ್ಯೋತಿಲಕ್ಷ್ಮಿ. ಅರ್ಪಿತ ಅಕ್ಷರ ಅಕ್ಷರವನ್ನೂ ನೋಡಿದಳು.

ಕ್ಯಾಮೆರಾದ ಪರದೆಯನ್ನು ತಿರುಗಿಸಿ ನೋಡುತ್ತಾ ಅವರು ಹುಬ್ಬು ಗಂಟಿಕ್ಕಿದರು. ಹನ್ನೊಂದು ಗಂಟೆ, ನೆತ್ತಿಯ ಬಿಸಿಲು. ಫೋಟೋದಲ್ಲಿದ್ದದ್ದು ಬರೀ ಕಪ್ಪು ಕಲ್ಲು. "ಮಂಕಾಗಿ ಬಂದಿದೆಯಲ್ಲ. ಇಲ್ಲಿ ಬೆಳಕು ಯಾವ ಹೊತ್ತಿಗೆ ಚೆನ್ನಾಗಿರುತ್ತೆ?"

ಜ್ಯೋತಿಗೆ ಗೊತ್ತಿರಲಿಲ್ಲ. ಅವಳು ಅರ್ಪಿತಳ ಕಡೆ ತಿರುಗಿದಳು. ಉಮಾಶಂಕರರೂ ತಿರುಗಿದರು.

"ಗೊತ್ತಿಲ್ಲ ಸಾರ್," ಎಂದಳು ಅರ್ಪಿತ. "ಯಾವಾಗ್ಲೂ ಹಿಂಗೇ."

ಆದಿನಾರಾಯಣಪ್ಪ ಅವಳನ್ನೇ ಒಂದು ಗಳಿಗೆ ನೋಡಿದ. ನಾಲ್ಕು ಗಂಟೆಯ ಪಟ್ಟೆಬಿಸಿಲು ಅವನ ಬೆನ್ನ ಮೇಲೆಯೇ ಬೀಳುತ್ತಿದ್ದದ್ದು.  ಸುಣ್ಣದ ಚೀಲ ಕೊಡವಿಕೊಂಡು ಒಳಗೆ ಹೋದ.

ಎಲ್ಲರೂ ಗಾಡಿ ಹತ್ತುವಾಗ ಅರ್ಪಿತ ತೋಟದ ನೀರಿನ ತೊಟ್ಟಿಯಲ್ಲಿ ವೇಲನ್ನು ಅದ್ದಿ, ಹಿಂಡಿ, ಮತ್ತೆ ಅದ್ದಿದಳು. ಮೂರು ಸಲ ಹಿಂಡಿದರೂ ಜ್ಯೋತಿಯ ವಾಸನೆ ಹೋಗಲಿಲ್ಲ.